ಹಿಂದಿನ ಸಾಲಿಗೆ ಹೋಗುವ ಬಾಣ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಚೇರಿಯಲ್ಲಿ ಆ ಪರೀಕ್ಷೆ ನಡೆದದ್ದು ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ಖಚಿತವಿಲ್ಲ. ಅಂದು ಮ್ಯಾನೇಜರು ನೇರಳೆ ಬಣ್ಣದ ಟೈ ಕಟ್ಟಿದ್ದರು ಎಂದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಟೈ ಬೇರೆ ಯಾವುದೋ ದಿನದ್ದಾಗಿದ್ದು, ಅವರ ಮೇಲಿನ ನನ್ನ ತಾತ್ಸಾರವೇ ಅದನ್ನು ತಂದು ಈ ದಿನಕ್ಕೆ ಬಿಗಿದಿರಲೂಬಹುದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆ ತಿಂಗಳುಗಳ ಪುಟಗಳಲ್ಲಿ ಬೈಗುಳ ಧಾರಾಳ, ವಿವರ ಕಡಿಮೆ. ಬೈಯುತ್ತಾ ಕೂತವಳಿಗೆ ಗೋಡೆಯ ಬಣ್ಣ ಬರೆದಿಡುವ ವ್ಯವಧಾನ ಎಲ್ಲಿ? ವರ್ಷ ಮಾತ್ರ ಸರಿಯಾಗಿದೆ: ಎಮಿರೇಟ್ಸಿಗೆ ವ್ಯಾಟ್ ತೆರಿಗೆ ಬರುವುದಕ್ಕೆ ಮುಂಚಿನ ವರ್ಷ, ೨೦೧೭.

ಆಗ ನಾವಿದ್ದದ್ದು ಅಬುಧಾಬಿಯ ಬನಿಯಾಸಿನಲ್ಲಿ. ಗಂಡನ ಕೆಲಸ ಅಲ್ಲಿ. ನನ್ನ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಪಂಪಿನ ಬಿಡಿಭಾಗಗಳನ್ನು ಮಾರುವ ಒಂದು ಕಂಪನಿಯ ಗೋದಾಮಿನ ಮೇಲ್ಮಹಡಿಯಲ್ಲಿ. ಹೋಗಿ ಬರಲು ಕಾರ್‌ಲಿಫ್ಟ್. ಅಂದರೆ ತಿಂಗಳಿಗೆ ಇಷ್ಟೆಂದು ಕೊಟ್ಟು, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮೂರನೆಯವಳಾಗಿ ಒತ್ತರಿಸಿ ಕೂರುವುದು. ಎಂಸಿಎ ಓದಿ ನಾನು ಮಾಡುತ್ತಿದ್ದದ್ದು ಗ್ಯಾಸ್ಕೆಟ್ಟುಗಳ ಕೋಡ್ ತುಂಬುವ ಕೆಲಸ. ಅದನ್ನು ಕೊಡಿಸಿದವರು ನನ್ನ ಚಿಕ್ಕಪ್ಪ, ಅಪ್ಪನ ತಮ್ಮ. ಆ ಕಂಪನಿಯ ಕಂಪ್ಯೂಟರ್ ವಿಭಾಗ ಎಂದರೆ ಅವರೊಬ್ಬರೇ. ನಮ್ಮ ಕುಟುಂಬದ ಮದುವೆ ಮುಂಜಿಗಳಲ್ಲಿ ಅವರನ್ನು ಪರಿಚಯಿಸುವಾಗ, ದುಬೈಯ ಒಂದು ಕಂಪನಿ ಇಡೀ ಇವರು ಬರೆದ ಪ್ರೋಗ್ರಾಮಿನ ಮೇಲೆ ನಿಂತಿದೆ ಎನ್ನುತ್ತಿದ್ದರು. ನಿಂತದ್ದು ನಿಜ. ಹೇಗೆ ನಿಂತಿದೆ ಎಂದು ಯಾರೂ ಕೇಳಿರಲಿಲ್ಲ.

ಅದೊಂದು ಕಪ್ಪು ಕಿಟಕಿ. ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಅಲ್ಲಿ ಕೆಲಸವಿಲ್ಲ. ಪಂಪಿನ ಒಂದು ರಬ್ಬರ್ ಸೀಲು ಗೋದಾಮಿನಿಂದ ಹೊರಗೆ ಹೋಗಬೇಕಾದರೆ, ಯಾವ ಸಾಮಾನು, ಎಷ್ಟು, ಯಾವ ಕಪಾಟಿನಿಂದ, ಯಾವ ಗಿರಾಕಿಗೆ, ರಾಸ್ ಅಲ್ ಖೋರಿನಲ್ಲಿದ್ದ ನಮ್ಮ ಅಂಗಡಿಯ ಮೂಲಕವೋ ನೇರವಾಗಿಯೋ, ಎಲ್ಲವನ್ನೂ ಉದ್ದದ ಒಂದೇ ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಸಾಲಿನ ಮೊದಲಲ್ಲಿ ಒಂದು ಅಂಕಿ ತಪ್ಪಿದ್ದು ಕೊನೆಯಲ್ಲಿ ಕಣ್ಣಿಗೆ ಬಿದ್ದರೆ, ಬಾಣದ ಕೀ ಒತ್ತಿ ಅಲ್ಲಿಗೆ ಹೋಗಿ ತಿದ್ದುವಂತಿರಲಿಲ್ಲ. ಎಡಬಾಣ ಒತ್ತಿದರೆ ಕರ್ಸರ್ ಚಲಿಸುವ ಬದಲು ಪರದೆಯ ಮೇಲೆ ಒಂದು ಟೋಪಿಯ ಚಿಹ್ನೆ, ಎರಡು ಚೌಕ ಆವರಣ, ಒಂದು ಡಿ ಅಕ್ಷರ ಬಂದು ಬೀಳುತ್ತಿದ್ದವು. ಕೊನೆಯಿಂದ ಅಳಿಸುತ್ತಾ ಬಂದು ಎಲ್ಲವನ್ನೂ ಮತ್ತೆ ಹೊಡೆಯಬೇಕು. ಈಗಷ್ಟೇ ಕೊಟ್ಟ ಸಾಲನ್ನೇ ಕರೆದು ಒಂದು ಅಂಕಿ ಬದಲಿಸೋಣವೆಂದು ಮೇಲಿನ ಬಾಣ ಒತ್ತಿದರೂ ಅದೇ ಗತಿ: ಟೋಪಿ, ಆವರಣ, ಎ. ತಪ್ಪು ಸಾಲಿಗೆ ಪ್ರೋಗ್ರಾಂ ಕೊಡುವ ಉತ್ತರವನ್ನೂ ಚಿಕ್ಕಪ್ಪನೇ ಬರೆದಿದ್ದರು: ರೀಡ್ ಅಂಡ್ ಟೈಪ್ ಅಗೇನ್.

ಈ ವಾಕ್ಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಗಲ್ಫಿಗೆ ಬರುವ ಮುಂಚೆ ಅವರು ಉಡುಪಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದರು. ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ಅಳಿಸಿದರೆ ಅಂಕ ಹೋಗುತ್ತಿದ್ದ ಕಾಲ. ಕೀಗಳು ಕಾಣದಂತೆ ಹುಡುಗಿಯರ ಕೈಗಳ ಮೇಲೆ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಹೊದಿಸಿ ಟೈಪ್ ಮಾಡಿಸುತ್ತಿದ್ದರಂತೆ. ದುಬೈಗೆ ಬಂದದ್ದೂ ಟೈಪಿಸ್ಟ್ ಆಗಿಯೇ. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂದಾಗ ಪುಸ್ತಕ ನೋಡಿ ತಾವೇ ಕಲಿತು ಈ ಪ್ರೋಗ್ರಾಂ ಬರೆದರು. ಅವರು ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬೇಷರತ್ತಾಗಿ ಮೆಚ್ಚುತ್ತಿದ್ದೆ. ಬಿಡಲಿಲ್ಲ. ಟೈಪ್‌ರೈಟರಿನ ಬಡತನವನ್ನು ಅವರು ಧರ್ಮ ಮಾಡಿಬಿಟ್ಟಿದ್ದರು. ಕೆಳಗಿನ ಮಾರಾಟದ ಕೌಂಟರಿಗೆ ಹೊಸಬರು ಸೇರಿದರೆ, ಮಾದರಿಯ ಒಂದು ಸಾಲನ್ನು ಕೊಟ್ಟು, ಮಕ್ಕಳು ಕಾಪಿ ಬರೆದಂತೆ ಪುಟಗಟ್ಟಲೆ ಟೈಪ್ ಮಾಡಿಸುವುದು. ಇಡೀ ಪುಟದಲ್ಲಿ ಒಂದೂ ತಪ್ಪಿಲ್ಲದ ದಿನ ಪಾಸ್‌ವರ್ಡ್ ಪ್ರದಾನ. ಎಂಜಿನಿಯರಿಂಗ್ ಓದಿದವರೂ ಕೈಕಟ್ಟಿ ಆ ಕಾಪಿ ಬರೆದಿದ್ದಾರೆ.

ಇನ್ನೂ ಹಾಸ್ಯಾಸ್ಪದವೆಂದರೆ, ಬರೆದವರಿಗೆಲ್ಲ ಅದರ ಬಗ್ಗೆ ಹೆಮ್ಮೆ. ಹಾಸ್ಟೆಲಿನಲ್ಲಿ ರ್‍ಯಾಗಿಂಗ್ ಅನುಭವಿಸಿದವರು ಮುಂದಿನ ವರ್ಷ ಅದನ್ನೇ ಸಂಸ್ಕೃತಿ ಎನ್ನುತ್ತಾರಲ್ಲ, ಹಾಗೆ. ಕೌಂಟರಿನಲ್ಲಿ ಎಲ್ಲರಿಗಿಂತ ಹಿರಿಯರು ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ; ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಇಡೀ ಸಾಲು ಹೊಡೆಯಬಲ್ಲೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೊಡೆಯುತ್ತಲೂ ಇದ್ದರು. ತಪ್ಪಿದಾಗ ಮಾತ್ರ ಅತ್ತಿತ್ತ ನೋಡಿ, ಯಾರಿಗೂ ಕಾಣದಂತೆ, ಅಳಿಸುವ ಕೀಯನ್ನು ಒತ್ತಿ ಹಿಡಿದು ಕೂರುತ್ತಿದ್ದರು.

ಆ ವರ್ಷ ವ್ಯಾಟ್ ಬರುತ್ತದೆಂಬ ಸುದ್ದಿಯೊಂದಿಗೆ ಸಲಹೆಗಾರರೂ ಬಂದರು. ಎಲ್ಲ ಕಂಪನಿಗಳಿಗೂ ಬಂದರು. ಇಸ್ತ್ರಿ ಅಂಗಡಿಯವನೂ ಸಾಫ್ಟ್‌ವೇರ್ ಕೊಳ್ಳಬೇಕೇ ಎಂದು ಗಾಬರಿಗೊಂಡಿದ್ದ ಕಾಲ ಅದು. ನಮ್ಮಲ್ಲಿಗೆ ಬಂದವರು ಇಬ್ಬರು. ಚೂಪು ಮೂತಿಯ ಶೂ, ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುವ ಅಭ್ಯಾಸ. ಸರಕಿನ ಸಾಗಾಟವನ್ನು ಅವರು ಜರ್ನಿ ಎಂದು ಕರೆದರು. ಅವರು ಮಾರಲು ತಂದಿದ್ದ ತಂತ್ರಾಂಶದಲ್ಲಿ ಒಂದು ಸೀಲನ್ನು ಹೊರಗೆ ಕಳಿಸಲು ಎಷ್ಟು ಪುಟ ದಾಟಬೇಕಿತ್ತೆಂದರೆ, ಅಷ್ಟರಲ್ಲಿ ಸೀಲು ತಾನೇ ನಡೆದು ಹೋಗಬಹುದಿತ್ತು. ಮ್ಯಾನೇಜರು ಮಾತ್ರ ಆ ಬಣ್ಣದ ಪುಟಗಳನ್ನು ಮೊದಲ ಬಾರಿ ಸಮುದ್ರ ಕಂಡವರಂತೆ ನೋಡುತ್ತಿದ್ದರು.

ಆದರೆ ಸಲಹೆಗಾರರಿಗೊಂದು ತೊಡಕಿತ್ತು. ಚಿಕ್ಕಪ್ಪ ಸದ್ದಿಲ್ಲದೆ ತಮ್ಮ ಪ್ರೋಗ್ರಾಮಿಗೆ ವ್ಯಾಟ್ ಲೆಕ್ಕವನ್ನು ಆಗಲೇ ಸೇರಿಸಿ, ಪರೀಕ್ಷಿಸಿಯೂ ಮುಗಿಸಿದ್ದರು. ಹಾಗಾಗಿ ಇಬ್ಬರೂ ಕೌಂಟರಿಗೆ ಇಳಿದು, ಈ ಪ್ರೋಗ್ರಾಮಿನಲ್ಲಿ ನಿಮಗೆ ಕಷ್ಟವೇನು ಎಂದು ವಿಚಾರಿಸಿದರು. ಅಷ್ಟು ಹೆಮ್ಮೆಯ ಶಿಷ್ಯರೆಲ್ಲ ಒಂದೇ ದೂರು ಕೊಟ್ಟರು: ಒಂದು ತಪ್ಪಾದರೆ ಇಡೀ ಸಾಲು ಮತ್ತೆ.

ಕೊನೆಗೆ ಮಾಲೀಕರು ತೀರ್ಮಾನ ಹೇಳಿ ಕಳಿಸಿದರು. ಎರಡನ್ನೂ ತಮ್ಮ ಎದುರಿಗೆ ನಡೆಸಿ ತೋರಿಸಬೇಕು. ಕೌಂಟರಿನವರು ಹಳೆಯದರಲ್ಲಿ ತೊಂದರೆಯಿಲ್ಲದೆ ಕೆಲಸ ಮಾಡಿದರೆ ಇನ್ನೊಂದು ವರ್ಷ ಅದೇ ಇರಲಿ. ಇಲ್ಲವಾದರೆ ಹೊಸದು. ಹೊಸದು ಬಂದರೆ ಚಿಕ್ಕಪ್ಪನ ಹುದ್ದೆಗೆ ಅರ್ಥವಿಲ್ಲ, ಹುದ್ದೆ ಹೋದರೆ ವೀಸಾ ಇಲ್ಲ. ಆ ವೀಸಾದ ಮೇಲೆ ಚಿಕ್ಕಮ್ಮ ಇದ್ದರು, ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳಿದ್ದಳು. ಅವಳ ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ಕೆಲಸ ಹೋದರೆ ಹೋಗುವುದು ಡಿಸೆಂಬರಿಗೆ. ಇಲ್ಲಿ ಬಾಡಿಗೆ ಮನೆ, ಶಾಲೆಯ ಸೀಟು, ಫ್ರಿಜ್ಜಿನಲ್ಲಿರುವ ಹಾಲು ಎಲ್ಲವೂ ಪಾಸ್‌ಪೋರ್ಟಿನ ಒಂದು ಪುಟಕ್ಕೆ ಅಂಟಿಕೊಂಡಿರುತ್ತವೆ. ಇದನ್ನು ಚಿಕ್ಕಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ದೂರಿಗೆ ಪರಿಹಾರ ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಅಲ್ಲ, ಕಂಪ್ಯೂಟರ್ ಓದಿದ ಯಾರಿಗಾದರೂ ಗೊತ್ತಿರುವಂಥದ್ದು. ಬಿಟ್ಟಿ ಸಿಗುವ ಒಂದು ಪುಟ್ಟ ಪ್ರೋಗ್ರಾಂ ಇದೆ. ಹಳೆಯ ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಅದನ್ನು ಶುರುಮಾಡುವ ಸಾಲಿನ ಮುಂದೆ ಇದರ ಹೆಸರು ಸೇರಿಸಿದರೆ ಸಾಕು. ಮುಂಗೋಪಿ ಅಧಿಕಾರಿಯ ಕೋಣೆಯ ಹೊರಗೆ ಕೂರುವ ಗುಮಾಸ್ತನ ಕೆಲಸ ಇದರದು. ಬಂದವರ ಅರ್ಜಿಯನ್ನು ಹೊರಗೇ ತಿದ್ದಿಸಿ, ಪೂರ್ತಿಯಾದ ಮೇಲೆ ಒಳಗೆ ಕೊಡುತ್ತದೆ. ಹಿಂದೆ ಕೊಟ್ಟವುಗಳ ನಕಲನ್ನೂ ಇಟ್ಟುಕೊಂಡು, ಮೇಲಿನ ಬಾಣ ಒತ್ತಿದರೆ ಒಂದೊಂದಾಗಿ ತೆಗೆದು ತೋರಿಸುತ್ತದೆ. ಹೊರಗೆ ಎಷ್ಟು ಸಲ ತಿದ್ದಿದರೆಂದು ಒಳಗಿನವರಿಗೆ ಗೊತ್ತೇ ಆಗುವುದಿಲ್ಲ.

ಊಟದ ಹೊತ್ತಿಗೆ ಚಿಕ್ಕಪ್ಪನ ಕೋಣೆಗೆ ಹೋಗಿ ಕೇಳಿದೆ. "ಬಾಣದ ಕೀ ಕೆಲಸ ಮಾಡುವ ಹಾಗೆ ಮಾಡ್ಲಾ? ನಿಮ್ಮ ಕೋಡ್ ಮುಟ್ಟುದಿಲ್ಲ."

ಅವರು ಡಬ್ಬಿಯ ಮುಚ್ಚಳದಲ್ಲಿ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು. "ತಪ್ಪು ಮಾಡದವನಿಗೆ ಅದು ಎಂತಕ್ಕೆ?"

"ಮಾಡುವವರಿಗೆ."

"ಅವರಿಗೆ ಟೈಪಿಂಗ್ ಕಲಿಸುವ." ಒಂದು ತುತ್ತು ಉಂಡ ಮೇಲೆ ಅವರೇ ಮುಂದುವರಿಸಿದರು. "ಮಾಡು ನಿಂಗೆ ಬೇಕಾದ್ರೆ. ಎಂಸಿಎ ಓದಿದವಳು ನೀನು. ನಾನು ಉಡುಪಿಯ ಟೈಪಿಸ್ಟ್ ಅಲ್ವಾ."

ಇದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ. ಈಗಲೂ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡುತ್ತೇನೆ. ಕೆಲವು ದನಿಗಳಲ್ಲಿ ಅದು ಒಪ್ಪಿಗೆಯಾಗಿಯೇ ಕೇಳುತ್ತದೆ.

ಎಲ್ಲರೂ ಲಾಗಿನ್ ಆಗುವಾಗ ಓಡುವ ಫೈಲಿನಲ್ಲಿ ಆ ಒಂದು ಸಾಲು ಬರೆದೆ. ಮರುದಿನ ಎಲ್ಲರನ್ನೂ ಹೊಸದಾಗಿ ಲಾಗಿನ್ ಮಾಡಿಸಿದ್ದೇ ಕೌಂಟರಿನಲ್ಲಿ ಹಬ್ಬ. ಬಂಟ್ವಾಳದವರು ಬಾಣ ಒತ್ತಿ, ಕರ್ಸರ್ ಸಾಲಿನ ಮೇಲೆ ಹಿಂದಕ್ಕೆ ನಡೆಯುವುದನ್ನು ನೋಡಿ, ಮತ್ತೆ ಮುಂದಕ್ಕೆ ನಡೆಸಿ, ಪಕ್ಕದವರನ್ನೂ ಕರೆದು ತೋರಿಸಿದರು. ಆಮೇಲೆ ನನ್ನ ಹತ್ತಿರ ಬಂದು, "ಇಷ್ಟು ಸುಲಭ ಇದ್ರೆ ಇಷ್ಟು ವರ್ಷ ನಮ್ಮನ್ನು ಎಂತಕ್ಕೆ ಹುರಿದದ್ದು ಮೇಡಮ್?" ಎಂದರು. ನನಗೆ ಆ ಹೊಗಳಿಕೆಯೂ ಅಸಹ್ಯವೆನಿಸಿತು. ನಾನು ಕಾಲೇಜಿಗೆ ಸೇರುವ ಎಷ್ಟೋ ಮುಂಚಿನಿಂದ ಜಗತ್ತಿನಲ್ಲಿದ್ದ ಸೌಕರ್ಯವನ್ನು ಪವಾಡವೆಂದು ಕರೆಯುವ ಕಚೇರಿಯಲ್ಲಿ ಪವಾಡಪುರುಷಳಾಗಿ ಏನು ಸುಖ?

ಕೆಲವೇ ವಾರಗಳಲ್ಲಿ ಅಲ್ಲಿ ಯಾರೂ ಪೂರ್ತಿ ಸಾಲು ಟೈಪ್ ಮಾಡುವುದೇ ನಿಂತಿತು. ಮೇಲಿನ ಬಾಣ, ಹಳೆಯ ಸಾಲು, ಎರಡು ಅಂಕಿ ಬದಲು, ಎಂಟರ್. ಮೊದಲು ಆ ಕೌಂಟರು ಟೈಪಿಂಗ್ ಇನ್‌ಸ್ಟಿಟ್ಯೂಟಿನಂತೆ ಗಡಗಡ ಸದ್ದು ಮಾಡುತ್ತಿತ್ತು. ಈಗ ಅಲ್ಲೊಂದು ಇಲ್ಲೊಂದು ಟಕ್ ಎಂಬ ಸದ್ದು. ಚಿಕ್ಕಪ್ಪ ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಬಂದು ಅದನ್ನು ಕೇಳುತ್ತಾ ನಿಂತದ್ದನ್ನು ನಾನು ನೋಡಿದೆ. ಬಂಟ್ವಾಳದವರು ಅವರನ್ನು ಕಂಡು, "ಸಾರ್, ನಿಮ್ಮ ಅಣ್ಣನ ಮಗಳು ನಮ್ಮ ಕೈಗೆ ಜೀವ ಕೊಟ್ರು," ಎಂದರು. ಚಿಕ್ಕಪ್ಪ ನಕ್ಕು, "ಕೈಗೆ ಬಂತು. ತಲೆಗೆ?" ಎಂದು ಮೇಲೆ ಹೋದರು. ಅಲ್ಲಿದ್ದವರೆಲ್ಲ ಅದನ್ನು ತಮಾಷೆ ಎಂದುಕೊಂಡರು. ನಾನೂ.

ಪರೀಕ್ಷೆಯ ದಿನ ಮೀಟಿಂಗ್ ಕೋಣೆಯಲ್ಲಿ ಮಾಲೀಕರು, ಮ್ಯಾನೇಜರು, ಆ ಇಬ್ಬರು ಸಲಹೆಗಾರರು, ನಾವು. ಹೊಸ ತಂತ್ರಾಂಶದ ಮೆರವಣಿಗೆ ಮೊದಲು ಮುಗಿಯಿತು. ಬಳಿಕ ಚಿಕ್ಕಪ್ಪ ಕೂತರು. ಅಲ್ಲಿಟ್ಟಿದ್ದ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ, ಕೀಬೋರ್ಡಿನ ಕಡೆ ಒಮ್ಮೆಯೂ ನೋಡದೆ, ಮೂರು ಉದ್ದ ಸಾಲುಗಳನ್ನು ಒಂದಾದ ಮೇಲೆ ಒಂದರಂತೆ ಹೊಡೆದರು. ವ್ಯಾಟ್ ಸಮೇತ ಬಿಲ್ಲು ಬಂತು. ಅದು ನೋಡಲು ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಮಾಲೀಕರು ತಲೆದೂಗಿದರು. ಆಗ ಸಲಹೆಗಾರರಲ್ಲೊಬ್ಬರು, ಇವರು ಬರೆದ ಪ್ರೋಗ್ರಾಮನ್ನು ಇವರು ನಡೆಸುವುದರಲ್ಲಿ ಆಶ್ಚರ್ಯವೇನು, ಕೌಂಟರಿನವರು ಮಾಡಲಿ ಎಂದರು. ಇನ್ನೊಬ್ಬರು ಅದೇ ವಾಕ್ಯವನ್ನು ಮುಗಿಸಿದರು. ಬಂಟ್ವಾಳದವರನ್ನು ಕರೆಸಲಾಯಿತು.

ಅವರಿಗೆ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಕೂರುವ ಮುಂಚೆ ಮಾಲೀಕರಿಗೆ ಸಲಾಂ ಹೇಳಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಸಾಲಿನ ನಡುವೆ ಒಂದು ಅಂಕಿ ತಪ್ಪಿತು. ನಿಶ್ಚಿಂತೆಯಿಂದ ಎಡಬಾಣ ಒತ್ತಿದರು. ಟೋಪಿ, ಆವರಣ, ಡಿ. ಮತ್ತೆ ಒತ್ತಿದರು. ಟೋಪಿಗಳು ಸಾಲಾಗಿ ನಿಂತವು. ಎಂಟರ್ ಒತ್ತಿದರು. ರೀಡ್ ಅಂಡ್ ಟೈಪ್ ಅಗೇನ್. ಮೇಲಿನ ಬಾಣ ಒತ್ತಿದರು. ಮತ್ತೆ ಅದೇ ಕಸ. ಅವರು ನನ್ನ ಕಡೆ ತಿರುಗಿ, "ಮೇಡಮ್, ನಿಮ್ಮದು ಇದ್ರಲ್ಲಿ ಇಲ್ಲ," ಎಂದರು.

ನಾನು ಎದ್ದು, ಒಂದು ಸಣ್ಣ ವ್ಯತ್ಯಾಸವಾಗಿದೆ, ಎರಡು ನಿಮಿಷ ಕೊಟ್ಟರೆ ಸರಿಮಾಡುತ್ತೇನೆ ಎಂದೆ. ಮ್ಯಾನೇಜರು ಕೈಯೆತ್ತಿ ತಡೆದರು. ಗಿರಾಕಿ ಎದುರಿಗೆ ನಿಂತಿರುವಾಗಲೂ ನೀವು ಮಹಡಿಯಿಂದ ಓಡಿ ಬರುತ್ತೀರಾ ಎಂದು ಕೇಳಿದರು. ಆ ಮನುಷ್ಯನ ಬಾಯಿಂದ ನಾನು ಕೇಳಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು, ಅದಕ್ಕೆ ಅವರು ಆ ದಿನವನ್ನೇ ಆರಿಸಿಕೊಂಡರು.

ಚಿಕ್ಕಪ್ಪ ಬಂಟ್ವಾಳದವರ ಕುರ್ಚಿಯ ಹಿಂದೆ ಬಾಗಿ, ಮೆಲ್ಲನೆ, ಕಲಿಸುವ ದನಿಯಲ್ಲಿ ಹೇಳಿದರು. "ಗಡಿಬಿಡಿ ಬೇಡ. ನೋಡಿ ಟೈಪ್ ಮಾಡಿ. ಮೊದಲು ಬರ್ತಿತ್ತಲ್ಲ ನಿಮಗೆ."

ಮೊದಲು ಬರುತ್ತಿತ್ತು. ಈಗ ಬರಲಿಲ್ಲ. ಮೂರನೆಯ ಸಲ ಸಾಲು ಮುಕ್ಕಾಲು ಭಾಗ ಸರಿಯಾಗಿ ಬಂತು, ಆಗ ಒಂದು ಅಕ್ಷರ ತಪ್ಪಿ, ಬೆರಳು ತಾನಾಗಿ ಬಾಣದ ಕಡೆ ಹೋಯಿತು. ಒಂದು ಕಾಲಕ್ಕೆ ಫೋನು ಭುಜಕ್ಕೆ ಸಿಕ್ಕಿಸಿಕೊಂಡು ಹೊಡೆಯುತ್ತಿದ್ದ ಮನುಷ್ಯ ಬೆವರು ಒರೆಸಿಕೊಳ್ಳುತ್ತಿದ್ದರು. ಮಾಲೀಕರು ಕಾಫಿಯ ಲೋಟ ಕೆಳಗಿಟ್ಟು, ಸಿಟ್ಟೇನೂ ಇಲ್ಲದೆ, "ಖಲಾಸ್," ಎಂದರು. ಸಲಹೆಗಾರರು ಸಂತಾಪ ಸೂಚಿಸುವವರಂತೆ ಮೇಜು ನೋಡಿದರು. ಆ ನಟನೆಗಾದರೂ ಅವರಿಗೆ ಸಂಭಾವನೆ ಸಲ್ಲಬೇಕು.

ನನ್ನ ಮೇಜಿಗೆ ಹೋಗಿ ಆ ಫೈಲು ತೆರೆದೆ. ನಾನು ಬರೆದ ಸಾಲು ಅಲ್ಲೇ ಇತ್ತು. ಅದರ ಮುಂದೆ ಒಂದು ಹ್ಯಾಶ್ ಚಿಹ್ನೆ. ಅದನ್ನು ಸಾಲಿನ ಮುಂದೆ ಇಟ್ಟರೆ ಯಂತ್ರ ಆ ಸಾಲನ್ನು ಇಲ್ಲವೆಂದು ದಾಟಿ ಹೋಗುತ್ತದೆ. ಫೈಲು ಕೊನೆಯ ಸಲ ಬದಲಾದದ್ದು ಹಿಂದಿನ ಸಂಜೆ, ನನ್ನ ಕಾರ್‌ಲಿಫ್ಟ್ ಹೊರಟ ಮೇಲೆ. ಇದನ್ನು ಆಗಲೇ ನೋಡಿದೆನೋ, ಮರುದಿನ ನೋಡಿದೆನೋ, ನನ್ನ ಮೇಲೆ ನನಗೇ ಅನುಮಾನ ಬಂದು ಎಷ್ಟು ಸಲ ನೋಡಿದೆನೋ ತಿಳಿಯದು. ನೋಡಿದ್ದಂತೂ ನಿಜ. ಆ ಫೈಲನ್ನು ಬದಲಿಸುವ ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ ಮತ್ತು ಚಿಕ್ಕಪ್ಪನ ಹತ್ತಿರ. ಕೌಂಟರಿನ ಕಂಪ್ಯೂಟರುಗಳು ಹಿಂದಿನ ದಿನದ ಲಾಗಿನ್ನಿನಲ್ಲೇ ಓಡುತ್ತಿದ್ದುದರಿಂದ ಬೆಳಿಗ್ಗೆ ಯಾರಿಗೂ ಗೊತ್ತಾಗಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಯಾರಿಗೆ? ಟೈ ಕಟ್ಟಿದವರಿಗೋ?

ಡಿಸೆಂಬರಿನಲ್ಲಿ ವೀಸಾ ರದ್ದಾಯಿತು. ಮಗಳ ಪ್ರಾಕ್ಟಿಕಲ್ ಮುಗಿಯುವವರೆಗೆ ಹೇಗೋ ದಿನ ತಳ್ಳಿ, ದುಬೈಯ ಕರಾಮದಲ್ಲಿದ್ದ ಬಾಡಿಗೆ ಮನೆ ಖಾಲಿಮಾಡಿ ಮೂವರೂ ಊರಿಗೆ ಹೋದರು. ಫೆಬ್ರವರಿಯ ಕೊನೆಗೆ ಚಿಕ್ಕಪ್ಪ ಮತ್ತು ಮಗಳು ವಿಸಿಟ್ ವೀಸಾದಲ್ಲಿ ಮರಳಿ ಬಂದು ಬನಿಯಾಸಿನ ನಮ್ಮ ಮನೆಯ ಹಾಲಿನಲ್ಲಿ ಇಳಿದುಕೊಂಡರು. ಇಡೀ ಪ್ರಾಯವನ್ನು ದುಬೈಯಲ್ಲಿ ಕಳೆದ ಮನುಷ್ಯನನ್ನು ವಿಮಾನ ನಿಲ್ದಾಣದಲ್ಲಿ ಪ್ರವಾಸಿಗಳ ಸಾಲಿಗೆ ಕಳಿಸಿದರಂತೆ. ಬುರ್ಜ್ ಖಲೀಫಾ ನೋಡಲು ಬಂದಿರಾ ಎಂದು ನನ್ನ ಗಂಡ ತಮಾಷೆ ಮಾಡಿದ, ಯಾರೂ ನಗಲಿಲ್ಲ.

ಹುಡುಗಿ ನಮ್ಮ ಊಟದ ಮೇಜನ್ನು ಅಕೌಂಟೆನ್ಸಿ ಪುಸ್ತಕಗಳಿಂದ ತುಂಬಿಸಿ ಓದುತ್ತಿದ್ದಳು. ಅವಳ ಗೆಳತಿಯರು ಶಾಲೆಯ ಬಸ್ಸಿನಲ್ಲಿ ಪರೀಕ್ಷೆಗೆ ಹೋಗುತ್ತಿದ್ದರು. ಅವಳನ್ನು ನಾನು ಬನಿಯಾಸಿನಿಂದ ದುಬೈಗೆ ಗಂಡನ ಕಾರಿನಲ್ಲಿ ಕತ್ತಲಿರುವಾಗಲೇ ಹೊರಡಿಸಿಕೊಂಡು ಕರೆದೊಯ್ಯಬೇಕಿತ್ತು. ಅಷ್ಟರಲ್ಲಿ ನಾನು ಆ ಕಂಪನಿಯ ಕೆಲಸ ಬಿಟ್ಟಾಗಿತ್ತು. ಕಷ್ಟ ಆಗ್ತದಾ ಎಂದು ಕೇಳಿದರೆ, "ಇಟ್ಸ್ ಫೈನ್ ಅಕ್ಕ, ಡೋಂಟ್ ಮೇಕ್ ಇಟ್ ಎ ಥಿಂಗ್," ಎನ್ನುತ್ತಿದ್ದಳು. ಒಮ್ಮೆ ಮಾತ್ರ, ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದಾಗ, ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತಳು. "ಹೀ ಈಸ್ ಸೋ ಗುಡ್ ಅಟ್ ಇಟ್. ಹೌ ಡಿಡ್ ಹೀ ಲೂಸ್?" ವ್ಯಾಟ್ ಬಂತಲ್ಲ, ಎಲ್ಲರೂ ಹೊಸದು ತೆಗೆದುಕೊಂಡರು ಎಂದೆ. ನಮ್ಮ ಕುಟುಂಬದಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಅದೇ. ನಾನೂ ಅದಕ್ಕೊಂದು ಕೈ ಹಚ್ಚಿದ್ದೇನೆ.

ಕೊನೆಯ ಪರೀಕ್ಷೆಯ ದಿನ ಅವಳನ್ನು ಶಾಲೆಯ ಗೇಟಿನಲ್ಲಿ ಇಳಿಸಿ, ನಾನು ಮತ್ತು ಚಿಕ್ಕಪ್ಪ ಎದುರಿನ ಪಾರ್ಕಿಂಗಿನಲ್ಲಿ ಕಾರಿನೊಳಗೇ ಕಾಯುತ್ತಿದ್ದೆವು. ಅವರು ಮಗಳ ಫಲಿತಾಂಶದ ಬಗ್ಗೆ, ಮಂಗಳೂರಿನ ಕಾಲೇಜುಗಳ ಬಗ್ಗೆ ಮಾತಾಡಿದರು. ಈಗ ಎಂತ ಕಲಿತರೂ ಬೆರಳಿಗೆ ಅಭ್ಯಾಸ ಇರಬೇಕು ಎಂದರು. ಆ ಮಾತಿಗೆ ನನ್ನ ತಾಳ್ಮೆ ಮುಗಿಯಿತು. ಹ್ಯಾಶ್ ಚಿಹ್ನೆಯನ್ನು ನೋಡಿದ್ದೇನೆ ಎಂದು ಹೇಳಿದೆ. ಅವರು ಅಲ್ಲವೆನ್ನಲಿಲ್ಲ. ನಾನು ಕೇಳಬೇಕೆಂದಿದ್ದನ್ನು ಕೇಳಿದ ಮೇಲೆ ಎಸಿ ಸ್ವಲ್ಪ ಕಡಿಮೆ ಮಾಡು ಎಂದರು, ಮಾಡಿದೆ. ಅಷ್ಟರಲ್ಲಿ ಗೇಟು ತೆರೆದು ಮಕ್ಕಳು ಹೊರಗೆ ಬರತೊಡಗಿದರು, ಅವರು ಬಾಗಿಲು ತೆಗೆದು ಇಳಿದು ಮಗಳ ಕಡೆ ನಡೆದರು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ಫೋನಿನಲ್ಲಿ ಮಾತಾಡಿದ್ದೇವೆ. ಉತ್ತರ ಬಂದಿಲ್ಲ. ನನ್ನ ಪದಗಳು ಸ್ವಲ್ಪ ಆಚೀಚೆ ಇದ್ದಿರಬಹುದು, ಆದರೆ ಕೇಳಿದ್ದು ಇದನ್ನೇ:

"ಚಿಕ್ಕಪ್ಪ, ಆ ದಿನ ಅದನ್ನು ಬಂದ್ ಮಾಡಿದ್ದು ನಿಮ್ಮ ಪ್ರೋಗ್ರಾಂ ಅದಿಲ್ಲದೆ ಗೆಲ್ತದೆ ಅಂತಲಾ, ಇಲ್ಲ, ನನ್ನಿಂದಾಗಿ ಗೆಲ್ಲುದು ಬೇಡ ಅಂತಲಾ?"